ಗಾಯಗೊಂಡ ಹದ್ದಿನ ಬಾಯಿಗೆ ನೀರು ಬಿಡಬಹುದಾ?

ಈ ವಾರ ಬಂದ ಪ್ರಶ್ನೆಗಳಿಗೆ ಬೆಂಗಳೂರಿನ ವನ್ಯಜೀವಿ ಪಶುವೈದ್ಯರೊಬ್ಬರು ಉತ್ತರಿಸಿದ್ದಾರೆ.

ಪ್ರಶ್ನೆ: ಡಾಕ್ಟ್ರೇ, ಹೋದ ಭಾನುವಾರ ನಮ್ಮ ಮನೆ ಮುಂದಿನ ಹೊಂಗೆ ಮರದಿಂದ ಒಂದು ಹದ್ದು ಕೆಳಗೆ ಬಿತ್ತು. ರೆಕ್ಕೆಗೆ ಗಾಳಿಪಟದ ದಾರ ಸುತ್ತಿಕೊಂಡು ರಕ್ತ ಬರುತ್ತಿತ್ತು. ನಾನೂ ಮಗನೂ ಸೇರಿ ದಾರ ಎಳೆದು ಬಿಡಿಸಿದೆವು. ಕೊಕ್ಕು ತೆರೆದು ಚಮಚದಲ್ಲಿ ನೀರು ಹಾಕಿದೆವು. ನಾಲ್ಕು ಅಗುಳು ಅನ್ನವನ್ನೂ ಕೊಟ್ಟೆವು. ಬೆಳಗಾಗುವಷ್ಟರಲ್ಲಿ ಸತ್ತೇ ಹೋಗಿತ್ತು. ಮಗ ಎರಡು ದಿನ ಸರಿಯಾಗಿ ಊಟ ಮಾಡಿಲ್ಲ. ನಮ್ಮಿಂದ ಏನಾದರೂ ತಪ್ಪಾಯ್ತಾ?
– ರಾಜಾಜಿನಗರದ ಓದುಗರು

ಉತ್ತರ: ಗಾಯ ಎಷ್ಟು ಆಳವಾಗಿತ್ತು ಅಂತ ನೋಡದೆ ಅದು ಯಾಕೆ ಸತ್ತಿತು ಎಂದು ನಾನು ಹೇಳಲಾರೆ. ಅದನ್ನು ಕೆಡವಿದ್ದು ಮಾತ್ರ ದಾರ, ನಿಮ್ಮ ಮಗನಲ್ಲ. ಇದನ್ನು ಅವನಿಗೆ ಮೊದಲು ಹೇಳಿ.

ಆದರೆ ನೀವು ಕೇಳಿದ್ದೀರಿ, ಮುಚ್ಚಿಡುವುದಿಲ್ಲ. ನೀರು ಹಾಕಬಾರದಿತ್ತು. ಕಷ್ಟದಲ್ಲಿರುವ ಜೀವಕ್ಕೆ ಬಾಯಿಗೆ ನೀರು ಬಿಡುವುದು ನಮ್ಮ ಜನಕ್ಕೆ ಹುಟ್ಟಿನಿಂದ ಬಂದದ್ದು. ನಮ್ಮಲ್ಲಿಗೆ ಬರುವ ಹಕ್ಕಿಗಳಲ್ಲಿ ಎಷ್ಟೋ ಹಕ್ಕಿಗಳ ಎದೆಯ ಗರಿ ಒದ್ದೆಯಾಗಿರುತ್ತದೆ. ನೋಡಿದ ಕೂಡಲೇ ಗೊತ್ತಾಗುತ್ತದೆ, ಯಾರೋ ಪುಣ್ಯಾತ್ಮರು ನೀರು ಕುಡಿಸಿದ್ದಾರೆ ಅಂತ. ಹಕ್ಕಿಯ ಉಸಿರಿನ ತೂತು ನಾಲಿಗೆಯ ಬುಡದಲ್ಲೇ ಇರುತ್ತದೆ. ನಮಗಿರುವ ಹಾಗೆ ಅದಕ್ಕೆ ಮುಚ್ಚಳವಿಲ್ಲ. ಪೆಟ್ಟು ತಿಂದು ಬಸವಳಿದ ಹಕ್ಕಿಗೆ ನುಂಗುವ ತ್ರಾಣವೂ ಇರುವುದಿಲ್ಲ. ಚಮಚದ ನೀರು ಹೊಟ್ಟೆಗೆ ಹೋಗದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಅನ್ನದ ಮಾತು ಬಿಡಿ, ಹದ್ದು ಮಾಂಸ ತಿನ್ನುವ ಹಕ್ಕಿ. ಆ ಹೊತ್ತಿನಲ್ಲಿ ಮಾಂಸವೂ ಬೇಡ.

ಎರಡನೆಯದು ದಾರ. ಹಕ್ಕಿಯ ಭುಜದಿಂದ ರೆಕ್ಕೆಯ ಮಣಿಕಟ್ಟಿನವರೆಗೆ ತೆಳುವಾದ ಚರ್ಮದ ಹಾಳೆ ಇದೆ. ಅದರ ಅಂಚಿನಲ್ಲೇ ಸ್ನಾಯುರಜ್ಜು ಹೋಗುತ್ತದೆ. ಮಾಂಜಾ ಹೆಚ್ಚಾಗಿ ಕುಯ್ಯುವುದು ಅಲ್ಲೇ. ಎಳೆದರೆ ಗಾಜಿನ ಪುಡಿ ಮೆತ್ತಿದ ದಾರ ಗರಗಸದ ಹಾಗೆ ಇನ್ನೂ ಒಳಗೆ ಹೋಗುತ್ತದೆ. ಸ್ನಾಯುರಜ್ಜು ತುಂಡಾದ ಹದ್ದು ಬದುಕಿದರೂ ಮತ್ತೆ ಹಾರುವುದು ಕಷ್ಟ. ಹಾಗಾಗಿ ಎಳೆಯಬೇಡಿ. ಗಾಯದಿಂದ ಒಂದು ಗೇಣು ದೂರದಲ್ಲಿ ಕತ್ತರಿಯಿಂದ ಕತ್ತರಿಸಿ. ಮೈಗೆ ಅಂಟಿದ್ದನ್ನು ಹಾಗೇ ಬಿಡಿ, ಬಿಡಿಸುವ ಕೆಲಸ ನಮ್ಮದು.

ಮತ್ತೆ ಏನು ಮಾಡಬೇಕು? ತೀರಾ ಕಡಿಮೆ. ದಪ್ಪ ಟವೆಲನ್ನು ತಲೆಯ ಮೇಲೆ ಹಾಕಿ. ಕಣ್ಣಿಗೆ ಕತ್ತಲಾದ ಕೂಡಲೇ ಹದ್ದು ತಣ್ಣಗಾಗುತ್ತದೆ. ಎಲ್ಲರೂ ಕೊಕ್ಕಿಗೆ ಹೆದರುತ್ತಾರೆ, ಹೆದರಬೇಕಾದ್ದು ಕಾಲಿನ ಉಗುರಿಗೆ. ರೆಕ್ಕೆ ಮಡಚಿ, ಟವೆಲ್ ಸಮೇತ ಎತ್ತಿ, ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಇಡಿ. ಆನ್‌ಲೈನ್‌ನಲ್ಲಿ ತರಿಸಿದ ಮಿಕ್ಸಿಯ ಡಬ್ಬ ಸಾಕು. ಬಕೆಟ್, ತಂತಿಯ ಪಂಜರ ಬೇಡ, ಗರಿ ಮುರಿಯುತ್ತದೆ. ಮುಚ್ಚಳ ತೆಗೆದು ತೆಗೆದು ನೋಡಬೇಡಿ. ಅಕ್ಕಪಕ್ಕದ ಮನೆಯವರಿಗೂ ತೋರಿಸಬೇಡಿ. ಬೆಳಗಾಗಲಿ ಅಂತ ಕಾಯದೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಕೆಂಗೇರಿಯಲ್ಲಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆಯೇ ಇದೆ. ಹಕ್ಕಿ ಕರೆಂಟು ತಂತಿಯ ಹತ್ತಿರ ನೇತಾಡುತ್ತಿದ್ದರೆ ಕೋಲು ಹಿಡಿದು ಹೋಗಬೇಡಿ, ಬೆಸ್ಕಾಂನ 1912ಕ್ಕೆ ಹೇಳಿ.

ಆಷಾಢದ ಗಾಳಿ ಬಂತೆಂದರೆ ನಮಗೆ ಹದ್ದುಗಳ ಕಾಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನೈಲಾನ್ ಮಾಂಜಾವನ್ನು ದೇಶದಲ್ಲೆಲ್ಲ ನಿಷೇಧಿಸಿದೆ. ಆದರೂ ಸಿಗುತ್ತದೆ. ಹೊಂಗೆ ಮರದಲ್ಲಿ ಇನ್ನೂ ದಾರ ಉಳಿದಿರುತ್ತದೆ, ನೋಡಿ. ನೈಲಾನ್ ಮಳೆಗೆ ಕೊಳೆಯುವುದಿಲ್ಲ. ಕೈಗೆ ಸಿಕ್ಕಷ್ಟನ್ನು ನಿಮ್ಮ ಮಗನ ಕೈಯಲ್ಲೇ ಸುತ್ತಿಸಿ, ಚೂರುಚೂರು ಕತ್ತರಿಸಿ ಕಸಕ್ಕೆ ಹಾಕಿಸಿ. ಕೈಗೆ ಬಟ್ಟೆ ಸುತ್ತಿಕೊಳ್ಳಲಿ.

ಪ್ರಶ್ನೆ: ಬಾಲ್ಕನಿಯ ಕುಂಡದಲ್ಲಿ ಪಿಕಳಾರ ಗೂಡು ಕಟ್ಟಿತ್ತು. ಇವತ್ತು ಮರಿ ನೆಲಕ್ಕೆ ಬಿದ್ದು ಕುಪ್ಪಳಿಸುತ್ತಿದೆ. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸಲ್ಲ ಅಂತ ಅತ್ತೆ ಹೇಳುತ್ತಾರೆ. ಮನೆಯೊಳಗೆ ಇಟ್ಟು ಸಾಕಲಾ?
– ಜಯನಗರದ ಓದುಗರು

ಉತ್ತರ: ಬೇಡ. ಮೈತುಂಬ ಗರಿ ಇದ್ದು ಬಾಲ ಮಾತ್ರ ಮೋಟಾಗಿದ್ದರೆ ಅದು ಬಿದ್ದಿಲ್ಲ, ಇಳಿದಿದೆ. ಪಿಕಳಾರದ ಮರಿ ಎರಡು ವಾರ ತುಂಬುವ ಮೊದಲೇ, ಸರಿಯಾಗಿ ಹಾರಲು ಬರುವ ಮುಂಚೆಯೇ ಗೂಡು ಬಿಡುತ್ತದೆ. ಅಪ್ಪ ಅಮ್ಮ ಇಬ್ಬರೂ ಪಕ್ಕದಲ್ಲೇ ಇರುತ್ತಾರೆ, ನೀವು ನಿಂತಿರುವುದಕ್ಕೇ ಹತ್ತಿರ ಬರುತ್ತಿಲ್ಲ. ಬೆಕ್ಕಿದ್ದರೆ ಒಳಗೆ ಕೂಡಿ ಹಾಕಿ, ಮರಿಯನ್ನು ಎತ್ತಿ ಗಿಡದ ಮರೆಯಲ್ಲಿ ಬಿಟ್ಟು ನೀವೂ ಒಳಗೆ ಹೋಗಿ. ಗರಿಯೇ ಬಾರದ ಬೆತ್ತಲೆ ಮರಿಯಾದರೆ ವಾಪಸ್ ಗೂಡಿಗೆ ಇಡಿ. ಮುಟ್ಟಿದ್ದಕ್ಕೆ ತಾಯಿ ಬಿಟ್ಟು ಹೋಗುವುದಿಲ್ಲ. ಅತ್ತೆಯವರ ಮಾತು ಸುಳ್ಳು ಅಂತ ನಾನು ಹೇಳಿದೆ ಎನ್ನಬೇಡಿ. ಮರಿಗೆ ಅಮ್ಮ ತುತ್ತು ಕೊಡುವುದನ್ನು ಅವರಿಗೇ ಕಿಟಕಿಯಿಂದ ತೋರಿಸಿ.

ಪ್ರಶ್ನೆ: ಶನಿವಾರ ಬನ್ನೇರುಘಟ್ಟದ ಕಡೆ ಹೋಗುವಾಗ ರಸ್ತೆ ಬದಿಯ ಮಂಗಗಳಿಗೆ ಬಾಳೆಹಣ್ಣು ಕೊಡುತ್ತೇವೆ. ಹನುಮಂತನ ಹೆಸರಲ್ಲಿ ಕೊಡೋದು ತಪ್ಪಾ ಸರ್?

ಉತ್ತರ: ದೇವಸ್ಥಾನಕ್ಕೆ ಕೊಡಿ, ರಸ್ತೆಯಲ್ಲಿ ಬೇಡ. ಕಾರು ನಿಂತರೆ ಹಣ್ಣು ಎಂದು ಕಲಿತ ಮಂಗ, ನಿಲ್ಲದ ಕಾರಿಗೂ ಅಡ್ಡ ಬರುತ್ತದೆ. ಕಚ್ಚಿದರೆ ಅಥವಾ ಪರಚಿದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅವತ್ತೇ ರೇಬಿಸ್ ಲಸಿಕೆಗೆ ಹೋಗಿ.

ಪ್ರಶ್ನೆ: ಕನಕಪುರ ರಸ್ತೆಯಲ್ಲಿ ಬೈಕಿನಲ್ಲಿ ಬರುವಾಗ ಆಮೆಯೊಂದು ರಸ್ತೆ ದಾಟುತ್ತಿತ್ತು. ಎತ್ತಿ ಹತ್ತಿರದ ಕೆರೆಗೆ ಬಿಟ್ಟೆ. ಸರಿ ತಾನೇ?

ಉತ್ತರ: ಯಾವ ಆಮೆ ಎನ್ನುವುದರ ಮೇಲೆ ಹೋಗುತ್ತದೆ. ಬೆರಳ ನಡುವೆ ಬಾತುಕೋಳಿಯ ಹಾಗೆ ಚರ್ಮ ಇದ್ದರೆ ನೀರಿನ ಆಮೆ, ಚಿಂತೆಯಿಲ್ಲ. ಕಾಲು ಆನೆಯ ಕಾಲಿನಂತೆ ಕಂಬವಾಗಿದ್ದು, ಉಬ್ಬಿದ ಚಿಪ್ಪಿನ ಮೇಲೆ ಹಳದಿ ಗೆರೆಯ ಚಿತ್ತಾರ ಇದ್ದರೆ ಅದು ನಕ್ಷತ್ರ ಆಮೆ. ಅದು ನೆಲದ ಪ್ರಾಣಿ, ಕೆರೆಗೆ ಹಾಕಿದರೆ ಮುಳುಗಿ ಸಾಯುತ್ತದೆ. ಎಷ್ಟೋ ಜನ ಕೈ ಮುಗಿದೇ ಹಾಕುತ್ತಾರೆ. ಅದೃಷ್ಟ ಅಂತ ಮನೆಗೆ ತಂದರಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಮುಂದಿನ ಸಲ ಇಂಡಿಕೇಟರ್ ಹಾಕಿ ಬೈಕನ್ನು ಪಕ್ಕಕ್ಕೆ ನಿಲ್ಲಿಸಿ. ಆಮೆ ಯಾವ ಕಡೆಗೆ ಮುಖ ಮಾಡಿದೆಯೋ ಅದೇ ಕಡೆ, ರಸ್ತೆಯಂಚು ದಾಟಿಸಿ ಬಿಡಿ. ಬಂದ ಕಡೆಗೇ ಬಿಟ್ಟರೆ ನೀವು ಹೋದ ಮೇಲೆ ಮತ್ತೆ ದಾಟಲು ಹೊರಡುತ್ತದೆ. ಎರಡೂ ಕೈಯಲ್ಲಿ ಚಿಪ್ಪಿನ ಬದಿ ಹಿಡಿದು, ನೆಲಕ್ಕೆ ಹತ್ತಿರದಲ್ಲೇ ಎತ್ತಿ. ಎತ್ತಿದ ಕೂಡಲೇ ಉಚ್ಚೆ ಹೊಯ್ಯಬಹುದು, ಗಾಬರಿಯಾಗಿ ಕೈಬಿಡಬೇಡಿ.