ಎಲ್ಲವೂ ಮೊಬೈಲಿನಲ್ಲೇ ಸಿಗುವಾಗ ತುಮಕೂರಿಗೆ ದೊಡ್ಡ ಗ್ರಂಥಾಲಯ ಯಾಕೆ?

ಪುಸ್ತಕ ಮೊಬೈಲಿನಲ್ಲಿ ಸಿಗುತ್ತದೆ ಎಂಬ ನಿಮ್ಮ ಮಾತನ್ನು ಒಪ್ಪುತ್ತೇನೆ. ಕೂತು ಓದುವ ಜಾಗ ಅದರಲ್ಲಿ ಸಿಗುವುದಿಲ್ಲ.

ಪದವಿ ಮುಗಿಸಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಹುದ್ದೆಯ ಪರೀಕ್ಷೆಗೆ ಓದುತ್ತಿದ್ದಾಗ ನಾವು ಮೂವರು ಒಂದೇ ಕೋಣೆಯಲ್ಲಿದ್ದೆವು. ಒಬ್ಬ ಒಗ್ಗರಣೆಗೆ ಇಟ್ಟರೆ ಉಳಿದಿಬ್ಬರು ಘಾಟು ತಾಳಲಾರದೆ ಪುಸ್ತಕ ಹಿಡಿದು ಮೆಟ್ಟಿಲ ಮೇಲೆ ಕೂರುತ್ತಿದ್ದೆವು. ಅದಕ್ಕೇ ಬೆಳಗಾಗುತ್ತಲೇ ವಾಚನಾಲಯದ ಮುಂದೆ ಹಾಜರು. ಬಾಗಿಲು ತೆರೆದ ಕೂಡಲೇ, ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿಯುವಂತೆ, ಕುರ್ಚಿಗೆ ಕರವಸ್ತ್ರ ಹಾಕುವ ಧಾವಂತ. ಗುಬ್ಬಿ, ಕೊರಟಗೆರೆಯಿಂದ ಮೊದಲ ಬಸ್ಸಿಗೆ ಬಂದವರು ಎಷ್ಟೋ ದಿನ ನಿಂತೇ ಓದುತ್ತಿದ್ದರು. ಒಮ್ಮೆ ನಿವೃತ್ತ ಮೇಷ್ಟ್ರೊಬ್ಬರು ಕಿಟಕಿಯ ಪಕ್ಕದ ತಮ್ಮ ಕುರ್ಚಿಯನ್ನು ನನಗೆ ಬಿಟ್ಟುಕೊಟ್ಟು, ಗೋಡೆಗೆ ಒರಗಿ ಪತ್ರಿಕೆ ಮುಗಿಸಿದರು. ಆ ಸಂಕೋಚ ನನ್ನಲ್ಲಿ ಇನ್ನೂ ಉಳಿದಿದೆ. ಓದುವ ಹುಡುಗನೂ ಹಿರಿಯರೂ ಒಂದೇ ಕುರ್ಚಿಯನ್ನು ಹಂಚಿಕೊಳ್ಳಬೇಕಾದ ಊರು ನಮ್ಮದಾಗಬಾರದು.

2011ರ ಜನಗಣತಿಯಲ್ಲೇ ಊರು ಮೂರು ಲಕ್ಷ ದಾಟಿತ್ತು. ಆಮೇಲೆ ವಸಂತನರಸಾಪುರದ ಕಾರ್ಖಾನೆಗಳು ಎಷ್ಟು ಜನರನ್ನು ಕರೆತಂದಿವೆ ಎಂಬುದು ಇಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಗೊತ್ತು.

ದುಡ್ಡೆಲ್ಲಿ ಎನ್ನುವವರು ತಮ್ಮ ಮನೆ ಕಂದಾಯದ ರಸೀದಿಯನ್ನು ತೆಗೆದು ನೋಡಲಿ. ಆರೋಗ್ಯ ಕರ, ಭಿಕ್ಷುಕರ ಕರದ ಜೊತೆಗೇ ಗ್ರಂಥಾಲಯ ಕರ ಎಂದಿರುತ್ತದೆ: ನೂರು ರೂಪಾಯಿ ತೆರಿಗೆಗೆ 6 ರೂಪಾಯಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಕೊಟ್ಟ ದಾರಿ ಇದು. ಅಂದರೆ ಇದು ದಾನವಲ್ಲ, ನಾವು ಆಗಲೇ ತೆತ್ತಿರುವ ಹಣ. ಮನೆಯ ಹಿರಿಯರು ಈ ಕರ ಕಟ್ಟುತ್ತಾರೆ, ಮಕ್ಕಳು ತಿಂಗಳ ಬಾಡಿಗೆ ಕೊಟ್ಟು ಖಾಸಗಿ ಸ್ಟಡಿ ರೂಮಿನಲ್ಲಿ ಓದುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲಿಯೇ.

2010ರಲ್ಲಿ ತೆರೆದ ಚೆನ್ನೈನ ಅಣ್ಣಾ ಶತಮಾನೋತ್ಸವ ಗ್ರಂಥಾಲಯದಲ್ಲಿ ಒಂಬತ್ತು ಅಂತಸ್ತುಗಳಿವೆ. ಮಕ್ಕಳಿಗೆ ಬೇರೆ ವಿಭಾಗ, ಬ್ರೈಲ್ ಪುಸ್ತಕಗಳು, ತಮ್ಮದೇ ಪುಸ್ತಕ ತಂದು ಓದುವವರಿಗೂ ಜಾಗ. ನಮಗೆ ಒಂಬತ್ತು ಅಂತಸ್ತು ಬೇಡ, ಆ ಕೊನೆಯ ವಿಭಾಗ ಮಾತ್ರ ಬೇಕೇ ಬೇಕು.

ಕಟ್ಟುವುದಾದರೆ ಬಸ್ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ ಕಟ್ಟಲಿ. ಊರಾಚೆಯ ಅಗ್ಗದ ಜಮೀನಿನಲ್ಲಿ ಎದ್ದರೆ, ಕೊರಟಗೆರೆಯ ಹುಡುಗಿ ಕತ್ತಲಾಗುವ ಮುನ್ನ ಬಸ್ ಹಿಡಿಯಬೇಕೆಂದು ಮಧ್ಯಾಹ್ನವೇ ಪುಸ್ತಕ ಮುಚ್ಚಿ ಏಳಬೇಕಾಗುತ್ತದೆ.