ಮನೆಯಲ್ಲೇ ಕಲಿಯುವ ಮಕ್ಕಳಿಗೆ ಕಾಗುಣಿತ: ಯಾವ ಪುಸ್ತಕ, ಎಲ್ಲಿಂದ ಶುರು?

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಪಾಠ ಹೇಳಿಕೊಡುತ್ತಿರುವ ಅಪ್ಪ-ಅಮ್ಮಂದಿರು ಕನ್ನಡ ಬರಹದ ಬಗ್ಗೆ ಕೇಳಿದ ಪ್ರಶ್ನೆಗಳು ಈ ಸಲದ ಅಂಕಣದಲ್ಲಿ.

ಪ್ರಶ್ನೆ: ಮಗಳಿಗೆ 7 ವರ್ಷ. ಕತೆ ಪುಸ್ತಕ ಸರಾಗವಾಗಿ ಓದುತ್ತಾಳೆ, ಬರೆಯಲು ಕೂತರೆ ಸಾಲಿಗೆ ಮೂರು ತಪ್ಪು. ಅಂಗಡಿಯಲ್ಲಿ ಕಾಪಿ ಪುಸ್ತಕ, ಕಾಗುಣಿತ ಪುಸ್ತಕ, ಎರಡನೇ ತರಗತಿಯ ಅಭ್ಯಾಸ ಪುಸ್ತಕ ಎಲ್ಲವೂ ಇವೆ. ಯಾವುದನ್ನು ಕೊಳ್ಳಲಿ?
— ಒಬ್ಬ ತಾಯಿ, ತುಮಕೂರು

ಉತ್ತರ: ಇವತ್ತು ಯಾವುದನ್ನೂ ಕೊಳ್ಳಬೇಡಿ. ಮೊದಲು ಅವಳು ತಪ್ಪುತ್ತಿರುವುದು ಎಲ್ಲಿ ಎಂದು ನೋಡಿಕೊಳ್ಳಿ. ವಯಸ್ಸು, ತರಗತಿ ನೋಡಿ ತಂದ ಪುಸ್ತಕ ಅರ್ಧದಷ್ಟು ಅವಳಿಗೆ ಬರುವುದನ್ನೇ ಮತ್ತೆ ಬರೆಸುತ್ತದೆ. ಬಾರದಿರುವುದಕ್ಕೆ ಅದರಲ್ಲಿ ಒಂದೇ ಪುಟ ಇರಬಹುದು.

ಒಂದು ಬೆಳಿಗ್ಗೆ 30 ಪದಗಳ ಉಕ್ತಲೇಖನ ಕೊಡಿ, ಐದೈದು ಪದಗಳ ಆರು ಗುಂಪು ಮಾಡಿಕೊಂಡು. ದೀರ್ಘಕ್ಕೆ: ಕಾಗೆ, ಮೀನು, ಹೂವು, ಮೇಜು, ಕೋಳಿ. ಸಜಾತೀಯ ಒತ್ತಿಗೆ: ಅಕ್ಕ, ಹಳ್ಳಿ, ಬೆಣ್ಣೆ, ತಮ್ಮ, ಕತ್ತೆ. ಸೊನ್ನೆಗೆ: ಅಂಗಿ, ಹಂಚು, ಗಂಟೆ, ಹಂದಿ, ಕಂಬ. ವಿಜಾತೀಯ ಒತ್ತಿಗೆ: ಪುಸ್ತಕ, ರಾತ್ರಿ, ಚಂದ್ರ, ಶಬ್ದ, ವಾಕ್ಯ. ಅರ್ಕಾವತ್ತು ಮತ್ತು ವಟ್ರಸುಳಿಗೆ: ಸೂರ್ಯ, ವರ್ಷ, ಮಾರ್ಗ, ಕೃಷಿ, ವೃತ್ತ. ಮಹಾಪ್ರಾಣಕ್ಕೆ: ಭೂಮಿ, ಧನ, ಮುಖ, ಶುದ್ಧ, ಅಭ್ಯಾಸ. ಪದವನ್ನು ಒಮ್ಮೆ ಹೇಳಿ, ವಾಕ್ಯದಲ್ಲಿ ಸೇರಿಸಿ ಹೇಳಿ, ಮತ್ತೆ ಪದ ಹೇಳಿ. ಎಳೆದು ಎಳೆದು ಹೇಳಬೇಡಿ. ‘ಮೀ...ನು’ ಎಂದು ನೀವೇ ಎಳೆದರೆ ದೀರ್ಘವನ್ನು ಅವಳ ಕಿವಿ ಹಿಡಿಯಿತೇ ಇಲ್ಲವೇ ಎಂಬುದು ತಿಳಿಯುವುದೇ ಇಲ್ಲ.

ಐದರಲ್ಲಿ ಎರಡು ಅಥವಾ ಹೆಚ್ಚು ತಪ್ಪಾದ ಮೊದಲ ಗುಂಪಿನಿಂದ ಪಾಠ ಶುರು ಮಾಡಿ. ನಂತರದ ಗುಂಪುಗಳ ತಪ್ಪು ಈಗ ಬೇಡ. ಸರಾಗವಾಗಿ ಓದುವ ಮಕ್ಕಳಲ್ಲಿ ಮೊದಲ ಮೂರು ಗುಂಪು ಸರಿಯಿದ್ದು, ವಿಜಾತೀಯ ಒತ್ತಿನಿಂದ ಮುಂದಕ್ಕೆ ಎಡವುವುದೇ ಸಾಮಾನ್ಯ. ಹಾಗಿದ್ದರೆ ‘ಕ ಕಾ ಕಿ ಕೀ’ ಪುಸ್ತಕ ಅವಳಿಗೆ ಬೇಡ. ಒತ್ತಕ್ಷರಕ್ಕೆ ಹೆಚ್ಚು ಪುಟ ಕೊಟ್ಟ, ಪ್ರತಿ ಪುಟದಲ್ಲೂ ಬಿಡಿಪದಗಳ ಜೊತೆ ವಾಕ್ಯಗಳಿರುವ ಪುಸ್ತಕ ಬೇಕು. ಕಾಪಿ ಪುಸ್ತಕದಿಂದ ಅಕ್ಷರ ದುಂಡಗಾಗುತ್ತದೆ, ಕಾಗುಣಿತ ಬರುವುದಿಲ್ಲ. ಮೇಲಿನ ಸಾಲು ಕಣ್ಣೆದುರೇ ಇರುವಾಗ ಮಗು ಪದವನ್ನು ನೆನಪಿನಿಂದ ತೆಗೆಯಬೇಕಾಗಿಯೇ ಇಲ್ಲ.

ಪುಸ್ತಕ ಕೈಗೆ ಬಂದಾಗ ಒಂದು ನಿಮಿಷ ತಿರುವಿ ಹಾಕಿ ‘ವಿದ್ಯಾರ್ಥಿ’, ‘ಒಂಬತ್ತು’, ‘ಪದ್ಧತಿ’, ‘ಹಾರ್ದಿಕ’, ‘ಡಮರು’ ಎಲ್ಲಾದರೂ ಇವೆಯೇ ಹುಡುಕಿ. ‘ವಿಧ್ಯಾರ್ಥಿ’, ‘ಒಂಭತ್ತು’, ‘ಢಮರು’ ಎಂದು ಅಚ್ಚಾಗಿದ್ದರೆ ಆ ಪುಸ್ತಕ ಅಂಗಡಿಯಲ್ಲೇ ಇರಲಿ. ತಪ್ಪು ರೂಪವನ್ನು ಒಮ್ಮೆ ಕಣ್ಣು ಒಪ್ಪಿಕೊಂಡರೆ ಅಳಿಸುವುದು ಬಲು ಕಷ್ಟ.

ಪ್ರಶ್ನೆ: 5 ವರ್ಷದ ಮಗನಿಗೆ ‘ಅ ಆ ಇ ಈ’ ಕ್ರಮದಲ್ಲೇ ಕಲಿಸಬೇಕೇ? ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿಯಲ್ಲಿ ಬೇರೆ ಕ್ರಮ ಇದೆಯಂತೆ.
— ಒಬ್ಬ ತಂದೆ, ಹುಬ್ಬಳ್ಳಿ

ಉತ್ತರ: ಬಾಯಿಪಾಠಕ್ಕೆ ವರ್ಣಮಾಲೆಯ ಕ್ರಮ, ಬರವಣಿಗೆಗೆ ಬೇರೆ ಕ್ರಮ. ಎರಡನ್ನೂ ಇಟ್ಟುಕೊಳ್ಳಿ, ಜಗಳವೇನೂ ಇಲ್ಲ. ನಲಿಕಲಿ ಶುರುವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ. ಅದರ ಮೊದಲ ಗುಂಪು ರ, ಗ, ಸ, ದ, ಅ. ಈ ಐದೇ ಅಕ್ಷರದಲ್ಲಿ ಸರ, ದರ, ಅರಸ, ಅಗಸ, ಗರಗಸ ಎಂದು ಬರೆಯಬಹುದು. ಒಂದು ಇಳಿ, ಒಂದು ಗುಡಿಸು ಬೇಕಿಲ್ಲ. ಆಕಾರದಲ್ಲೂ ಇವು ಸುಲಭ. 49 ಅಕ್ಷರ ಮುಗಿಯುವ ತನಕ ಒಂದು ಪದವನ್ನೂ ಬರೆಯದೆ ಕೂರುವ ಮಗುವಿಗೆ ಬರೆಯುವುದು ಯಾಕೆ ಎಂದೇ ತಿಳಿಯುವುದಿಲ್ಲ. ಐದನೆಯ ದಿನಕ್ಕೆ ‘ಗರಗಸ’ ಬರೆದ ಮಗು ಆರನೆಯ ದಿನ ತಾನೇ ಪುಸ್ತಕ ತೆಗೆಯುತ್ತದೆ.

ಙ, ಞ ಎರಡನ್ನೂ ಓದಿ ಗುರುತಿಸಿದರೆ ಸಾಕು. ಞ ಬರೆಯುವ ಅಗತ್ಯ ಬರುವುದು ಮುಂದೆ ‘ಜ್ಞಾನ’ದಂಥ ಪದಗಳಲ್ಲಿ, ಒತ್ತಾಗಿ.

ಪ್ರಶ್ನೆ: 8 ವರ್ಷದ ಮಗ ‘ಸೂರ್ಯ’ ಎಂಬುದನ್ನು ‘ಸೂಯ್ರ’ ಎಂದು, ‘ಪುಸ್ತಕ’ವನ್ನು ‘ಪುತ್ಸಕ’ ಎಂದು ಬರೆಯುತ್ತಾನೆ. ತಪ್ಪಾದ ಪದವನ್ನು ಹತ್ತು ಸಲ ಬರೆಸುತ್ತೇನೆ, ಮರುದಿನ ಮತ್ತೆ ಅದೇ ತಪ್ಪು.
— ಒಬ್ಬ ತಾಯಿ, ಹಾಸನ

ಉತ್ತರ: ಹತ್ತು ಸಲ ಬರೆಯುವಾಗ ಅವನ ಕೈಯನ್ನು ಗಮನಿಸಿ. ಎರಡನೆಯ ಸಾಲಿನಿಂದಾಚೆ ಅವನು ಪದ ಬರೆಯುತ್ತಿರುವುದಿಲ್ಲ. ಮೇಲಿನಿಂದ ಕೆಳಕ್ಕೆ ‘ಪು’ ‘ಪು’ ‘ಪು’ ಎಂದು ಒಂದು ಕಂಬ ಇಳಿಸಿ, ಆಮೇಲೆ ಪಕ್ಕಕ್ಕೆ ‘ಸ’ ‘ಸ’ ‘ಸ’ ಇಳಿಸಿ, ಕೊನೆಗೆ ಎಲ್ಲಕ್ಕೂ ಒಟ್ಟಿಗೆ ಒತ್ತು ಕೊಡುತ್ತಾನೆ. ಹತ್ತು ಪದ ಆಯಿತು, ಒಂದು ಪದವೂ ಬರಲಿಲ್ಲ.

ತಪ್ಪಿನ ಬೇರು ಬೇರೆಡೆ ಇದೆ. ಬಾಯಿ ಪದವನ್ನು ಒಡೆಯುವುದು ‘ಪುಸ್-ತ-ಕ’ ಎಂದು, ಬರಹ ಒಡೆಯುವುದು ‘ಪು-ಸ್ತ-ಕ’ ಎಂದು. ನಡುವಿನ ಎರಡು ವ್ಯಂಜನಗಳಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂಬಲ್ಲಿ ಮಗು ಕಳೆದುಹೋಗುತ್ತದೆ. ಒಂದೇ ಮಾತು ಹೇಳಿಕೊಡಿ: ಮೊದಲು ಕೇಳಿದ್ದು ಮೇಲೆ, ಆಮೇಲೆ ಕೇಳಿದ್ದು ಕೆಳಗೆ, ಸ್ವರದ ಗುರುತು ಮೇಲಿನದಕ್ಕೇ. ‘ಹಳ್ಳಿ’ಯಲ್ಲಿ ಇಕಾರ ಕೇಳುವುದು ಎರಡನೆಯ ಳ್ ಆದಮೇಲೆ, ಆದರೂ ಗುಡಿಸು ಕೂರುವುದು ಮೇಲಿನ ಅಕ್ಷರದ ತಲೆಯ ಮೇಲೆ. ಇದನ್ನು ಯಾರೂ ಬಿಡಿಸಿ ಹೇಳದಿದ್ದರೆ ಮಗುವಿಗೆ ಅದು ಸಹಜವಾಗಿ ಹೊಳೆಯುವ ಸಂಗತಿಯಲ್ಲ.

ಅರ್ಕಾವತ್ತು ಈ ನಿಯಮವನ್ನು ತಲೆಕೆಳಗು ಮಾಡುತ್ತದೆ. ‘ಸೂರ್ಯ’ದಲ್ಲಿ ರ್ ಮೊದಲು ಕೇಳಿದರೂ ಬರೆಯುವುದು ಕೊನೆಗೆ, ‘ಯ’ದ ಬಲಗಡೆ. ನಿಮ್ಮ ಮಗ ‘ಸೂಯ್ರ’ ಬರೆದದ್ದು ಅಜಾಗ್ರತೆಯಿಂದಲ್ಲ. ಗುರುತು ಅಕ್ಷರದ ನಂತರ ಬರುತ್ತದೆ ಎಂಬುದನ್ನು ಅವನು ಗಮನಿಸಿದ್ದಾನೆ, ಅದು ರ-ಒತ್ತಲ್ಲ ಎಂಬುದು ಮಾತ್ರ ತಪ್ಪಿದೆ. ಆದ್ದರಿಂದ ಇವೆರಡನ್ನೂ ಒಂದೇ ವಾರ ಕಲಿಸಬೇಡಿ. ರ-ಒತ್ತು (ಚಕ್ರ, ರಾತ್ರಿ, ಪತ್ರ) ಗಟ್ಟಿಯಾಗಲು ಎರಡು ವಾರ ಬಿಡಿ, ಆಮೇಲೆ ಅರ್ಕಾವತ್ತು. ಕೊನೆಗೆ ಎರಡನ್ನೂ ಜೊತೆಗಿಡಿ: ಚಕ್ರ–ಅರ್ಕ, ಪತ್ರ–ಕರ್ತ. ವಟ್ರಸುಳಿ ಇನ್ನೂ ಆಚೆಗೆ ಇರಲಿ. ‘ಕೃಷಿ’ಯ ಕೃ, ‘ಕ್ರಿಮಿ’ಯ ಕ್ರಿ ಹಲವರ ಮಾತಿನಲ್ಲಿ ಒಂದೇ ಥರ ಕೇಳುವುದರಿಂದ ಅಲ್ಲಿ ಕಿವಿ ಸಹಾಯಕ್ಕೆ ಬರುವುದಿಲ್ಲ.

ಒತ್ತುಗಳಲ್ಲೂ ಒಂದು ಕ್ರಮ ಇದೆ. ಕ್ಕ, ಗ್ಗ, ಚ್ಚ, ಪ್ಪ ಮೊದಲಾದವುಗಳಲ್ಲಿ ಒತ್ತು ತಾಯಕ್ಷರದ ಮರಿಯಂತೆಯೇ ಇರುತ್ತದೆ. ತ, ನ, ಮ, ಯ, ರ, ಲ ಒತ್ತಾದಾಗ ಆಕಾರವೇ ಬೇರೆ. ಈ ಆರಕ್ಕೂ ಒಂದೊಂದು ದಿನ ಕೊಡಿ.

ದಿನಕ್ಕೆ 15 ನಿಮಿಷ, ವಾರಕ್ಕೆ ಐದು ದಿನ, ದಿನಕ್ಕೆ ನಾಲ್ಕೇ ಹೊಸ ಪದ. ಪದ ತೋರಿಸಿ, ಅವನೇ ಗಟ್ಟಿಯಾಗಿ ಓದಲಿ. ಒತ್ತು ಇರುವ ಜಾಗವನ್ನು ಬೆರಳಿಟ್ಟು ತೋರಿಸಲಿ. ಮುಚ್ಚಿ, ಬರೆಯಲಿ. ತೆರೆದು, ಅಕ್ಷರಕ್ಕೆ ಅಕ್ಷರ ಅವನೇ ಹೋಲಿಸಲಿ. ಕೆಂಪು ಪೆನ್ನು ಅವನ ಕೈಯಲ್ಲೇ ಇರಲಿ, ನಿಮ್ಮ ಕೈಯಲ್ಲಿ ಬೇಡ. ತಪ್ಪಾದ ಪದ ಪುಸ್ತಕದ ಕೊನೆಯ ಹಾಳೆಗೆ ಹೋಗುತ್ತದೆ. ಅದನ್ನು ಮರುದಿನ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ ಕೇಳಿ. ಮೂರೂ ಸಲ ಸರಿಯಾದರೆ ಹೊಡೆದು ಹಾಕಿ. ಹೊಡೆದು ಹಾಕುವ ಖುಷಿಯೂ ಅವನದೇ.

ಇನ್ನೊಂದು. ನಿಮ್ಮ ಕಡೆ ಮನೆಮಾತಿನಲ್ಲಿ ‘ಹಾಲು’ ‘ಆಲು’ ಆಗುವುದುಂಟು. ಅವನು ‘ಆಲು’ ಎಂದು ಬರೆದರೆ ಕೇಳಿದ್ದನ್ನು ಪ್ರಾಮಾಣಿಕವಾಗಿ ಬರೆದಿದ್ದಾನೆ. ಮಾತನ್ನು ಹೀಯಾಳಿಸಬೇಡಿ. ಹಾಗೆ ಮಾಡಿದರೆ ಮಕ್ಕಳು ಹೆದರಿಕೊಂಡು ‘ಅಕ್ಕಿ ಬೇಯಿಸಿದಳು’ ಎಂಬುದನ್ನೂ ‘ಹಕ್ಕಿ ಬೇಯಿಸಿದಳು’ ಎಂದು ಬರೆಯಲು ಶುರು ಮಾಡುತ್ತಾರೆ. ಮನೆಯಲ್ಲಿ ಹೀಗನ್ನುತ್ತೇವೆ, ಬರಹದಲ್ಲಿ ಹೀಗೆ ಎಂದು ಎರಡನ್ನೂ ಒಪ್ಪಿಕೊಂಡು ಹೇಳಿ.

ಪ್ರಶ್ನೆ: 11 ವರ್ಷದ ಮಗಳು ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಮೂಲಕ ಹತ್ತನೇ ತರಗತಿ ಬರೆಯಲಿದ್ದಾಳೆ, ಕನ್ನಡವನ್ನೂ ತೆಗೆದುಕೊಳ್ಳುತ್ತಾಳೆ. ಮಹಾಪ್ರಾಣ ಮತ್ತು ಶ, ಷ, ಸ ಗೊಂದಲ ಹೋಗುತ್ತಿಲ್ಲ. ಪದಗಳ ಪಟ್ಟಿಯನ್ನು ಉರು ಹೊಡೆಸುವುದೊಂದೇ ದಾರಿಯೇ?
— ಒಬ್ಬ ತಾಯಿ, ಬೆಂಗಳೂರು

ಉತ್ತರ: ಅಲ್ಲ. ಆ ಪರೀಕ್ಷೆಗೆ 14 ತುಂಬಿರಬೇಕು, ಮೂರು ವರ್ಷ ಕೈಯಲ್ಲಿದೆ. ಪಟ್ಟಿಗಿಂತ ಪದದ ಮನೆತನ ಹಿಡಿಯಿರಿ.

ಅಚ್ಚಗನ್ನಡ ಪದಗಳಲ್ಲಿ ಮಹಾಪ್ರಾಣ ಇಲ್ಲವೆಂದೇ ಹೇಳಬಹುದು. ಮನೆ, ಅಡುಗೆ, ಹೊಲ, ಮೈಕೈ, ಎಣಿಕೆಯ ಪದಗಳಲ್ಲಿ ಅನುಮಾನ ಬಂದರೆ ಅಲ್ಪಪ್ರಾಣ ಬರೆಯಲಿ. ‘ಒಂಬತ್ತು’ ತಪ್ಪುವುದು ಇಲ್ಲೇ. ಸಂಸ್ಕೃತದಿಂದ ಬಂದ ಪದವಾದರೆ ಅದರ ಬಳಗ ನೋಡಲಿ. ವಿದ್ಯೆ, ವಿದ್ಯಾಲಯ, ವಿದ್ವಾಂಸ ಒಂದೇ ಬಳಗ, ಎಲ್ಲದರಲ್ಲೂ ದ. ‘ವಿದ್ಯಾರ್ಥಿ’ ಅಂದರೆ ವಿದ್ಯಾ ಮತ್ತು ಅರ್ಥಿ ಸೇರಿದ್ದು, ಮಹಾಪ್ರಾಣ ಇರುವುದು ಕೊನೆಯಲ್ಲಿ. ಅಧಿಕಾರಿ, ಅಧ್ಯಕ್ಷ, ಅಧ್ಯಯನ, ಅಧ್ಯಾಪಕ ‘ಅಧಿ’ಯ ಬಳಗ, ಎಲ್ಲದರಲ್ಲೂ ಧ. ಮಧ್ಯ, ಮಾಧ್ಯಮ, ಮಧ್ಯಾಹ್ನ ಮತ್ತೊಂದು. ‘ಮದ್ಯ’ ಎಂದರೆ ಹೆಂಡ ಎಂದು ತಿಳಿದ ಮಗು ‘ಮಧ್ಯಾಹ್ನ’ವನ್ನು ಮತ್ತೆ ತಪ್ಪು ಬರೆಯುವುದು ಕಡಿಮೆ. ಅದೇ ವರ್ಗದ ಅಲ್ಪಪ್ರಾಣ-ಮಹಾಪ್ರಾಣ ಜೋಡಿಯಾದರೆ ಮೇಲಿರುವುದು ಅಲ್ಪಪ್ರಾಣ, ಕೆಳಗಿರುವುದು ಮಹಾಪ್ರಾಣ: ಬುದ್ಧಿ, ಯುದ್ಧ, ಶುದ್ಧ, ಸ್ವಚ್ಛ. ಉಸಿರು ಹೊರಗೆ ಹೋಗುವುದು ಕೊನೆಯಲ್ಲೇ ಆದ್ದರಿಂದ ಹೀಗೆ.

ಶ, ಷ, ಸಗಳಿಗೆ ನಾಲಿಗೆಯೇ ದಾರಿ ತೋರಿಸುತ್ತದೆ. ಒತ್ತಿನಲ್ಲಿ ಚ, ಛ ಬಂದರೆ ಶ: ಪಶ್ಚಿಮ, ಆಶ್ಚರ್ಯ, ನಿಶ್ಚಯ. ಟ, ಠ, ಣ ಬಂದರೆ ಷ: ಕಷ್ಟ, ಶ್ರೇಷ್ಠ, ಉಷ್ಣ. ತ, ಥ ಬಂದರೆ ಸ: ಪುಸ್ತಕ, ವ್ಯವಸ್ಥೆ. ಜೊತೆಯ ಅಕ್ಷರ ಹುಟ್ಟುವ ಜಾಗದಲ್ಲೇ ನಾಲಿಗೆ ಮೊದಲೇ ಸಿದ್ಧವಾಗಿರುತ್ತದೆ, ಅಷ್ಟೇ. ‘ಅಕ್ಷರ’, ‘ಪರೀಕ್ಷೆ’, ‘ಶಿಕ್ಷಣ’ಗಳಲ್ಲಿ ಕ ಜೊತೆಗಿರುವುದು ಷ. ‘ಪೋಸ್ಟ್’, ‘ಆಗಸ್ಟ್’, ‘ಟ್ಯಾಕ್ಸಿ’ಯಂಥ ಇಂಗ್ಲಿಷ್ ಪದಗಳಿಗೆ ಈ ನಿಯಮ ಇಲ್ಲ ಎಂದು ಮೊದಲೇ ಹೇಳಿಬಿಡಿ, ಇಲ್ಲವಾದರೆ ಅವಳೇ ಬಂದು ಜಗಳ ತೆಗೆಯುತ್ತಾಳೆ. ಹಸು, ಮೀಸೆ, ಬಿಸಿಲು, ಹೊಸತು: ಅಚ್ಚಗನ್ನಡಕ್ಕೆ ಸ ಸಾಕು. ‘ಪ್ರಶ್ನೆ’, ‘ಭಾಷೆ’, ‘ದೇಶ’ ಇಂಥವನ್ನು ಮಾತ್ರ ನೋಡಿ ನೋಡಿಯೇ ಕಲಿಯಬೇಕು. ಹೀಗೆ ಜರಡಿ ಹಿಡಿದ ಮೇಲೆ ಉರು ಹೊಡೆಯಲು ಉಳಿಯುವ ಪದ ಮೊದಲಿಗಿಂತ ಎಷ್ಟೋ ಕಡಿಮೆ.

ಪ್ರಶ್ನೆ: ನಾವು ಅಮೆರಿಕದಲ್ಲಿದ್ದೇವೆ. 8 ವರ್ಷದ ಮಗನಿಗೆ ಕನ್ನಡ ಅರ್ಥವಾಗುತ್ತದೆ. ಅವನು ‘ಹಳ್ಳಿ’ಯನ್ನು ‘ಹಳಿ’ ಎನ್ನುತ್ತಾನೆ, ಹಾಗೇ ಬರೆಯುತ್ತಾನೆ. ಯಾವ ಪಠ್ಯ ಒಳ್ಳೆಯದು?
— ಒಬ್ಬ ತಂದೆ

ಉತ್ತರ: ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಪ್ರಥಮ ಭಾಷೆಯದ್ದು ಬೇಡ, ಅದು ಮನೆಯಲ್ಲಿ ದಿನವಿಡೀ ಕನ್ನಡ ಆಡುವ ಮಗುವಿಗೆ. ದ್ವಿತೀಯ ಭಾಷೆಯ ಪುಸ್ತಕ ಇಳಿಸಿಕೊಳ್ಳಿ.

ಆದರೆ ನಿಮ್ಮ ಮಗನ ಕೆಲಸ ಬರಹಕ್ಕೆ ಮುಂಚೆ ಕಿವಿಯಲ್ಲಿದೆ. ಇಂಗ್ಲಿಷಿನಲ್ಲಿ ಒಂದು ಪದದೊಳಗೆ ವ್ಯಂಜನ ಒತ್ತಿ ನಿಂತರೂ ಅರ್ಥ ಬದಲಾಗುವುದಿಲ್ಲ, ಹಾಗಾಗಿ ಅವನ ಕಿವಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ತ-ಟ, ಲ-ಳ ವ್ಯತ್ಯಾಸವೂ ಹಾಗೇ. ಚಿತ್ರವಿರುವ ಜೋಡಿ ಕಾರ್ಡು ಮಾಡಿ: ಕಾಲು–ಕಲ್ಲು, ಹಲ್ಲಿ–ಹಳ್ಳಿ, ಕತ್ತು–ಕಟ್ಟು, ಬಲೆ–ಬಳೆ, ಕೋನ–ಕೋಣ. ನೀವು ಒಂದನ್ನು ಹೇಳಿ, ಅವನು ಮುಟ್ಟಲಿ. ಹತ್ತರಲ್ಲಿ ಒಂಬತ್ತು ಸರಿಯಾಗುವ ತನಕ ಆ ಜೋಡಿಯನ್ನು ಬರೆಸಬೇಡಿ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಡುವುದನ್ನು ಇವತ್ತೇ ನಿಲ್ಲಿಸಿ. ಅಲ್ಲಿ ‘ಟಿ’ ಎಂಬ ಒಂದೇ ಅಕ್ಷರ ತ, ಟ ಎರಡರ ಕೆಲಸವನ್ನೂ ಮಾಡುತ್ತದೆ. ನೀವು ಕಾರ್ಡಿನಲ್ಲಿ ಬಿಡಿಸಿದ್ದನ್ನು ಅದು ಮತ್ತೆ ಗಂಟು ಹಾಕುತ್ತದೆ.

ಪ್ರಶ್ನೆ: 9 ವರ್ಷದ ಮಗ ಕನ್ನಡ, ಇಂಗ್ಲಿಷ್ ಎರಡರಲ್ಲೂ ಒಂದೇ ಪದವನ್ನು ಒಂದು ಪುಟದಲ್ಲಿ ಮೂರು ಥರ ಬರೆಯುತ್ತಾನೆ. ವರ್ಷದಿಂದ ದಿನವೂ ಕೂರಿಸುತ್ತಿದ್ದೇವೆ. ಪುಸ್ತಕ ಬದಲಿಸಬೇಕೇ?
— ಒಬ್ಬ ತಾಯಿ, ಮಂಗಳೂರು

ಉತ್ತರ: ಈಗ ಪುಸ್ತಕ ಬದಲಿಸುವುದಲ್ಲ, ಪರೀಕ್ಷೆ ಮಾಡಿಸುವುದು. ಮೊದಲು ಕಣ್ಣು, ಕಿವಿ. ಅವು ಸರಿಯಿದ್ದರೆ ಕಲಿಕಾ ನ್ಯೂನತೆ ಪರೀಕ್ಷಿಸುವ ಮನಶ್ಶಾಸ್ತ್ರಜ್ಞರ ಬಳಿ ಹೋಗಿ. ಎರಡೂ ಭಾಷೆಯಲ್ಲಿ, ಅಭ್ಯಾಸವಿದ್ದೂ, ತಪ್ಪು ದಿನಕ್ಕೊಂದು ರೂಪ ತಾಳುತ್ತಿದ್ದರೆ ಕಾಯಬಾರದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಪ್ರಮಾಣಪತ್ರ ಇದ್ದರೆ ಮುಂದೆ ಪರೀಕ್ಷೆಗಳಲ್ಲಿ ರಿಯಾಯಿತಿ ಕೇಳಬಹುದು.

ಹೋಗುವಾಗ ಅವನು ಸ್ವಂತವಾಗಿ ಬರೆದ ಐದಾರು ಹಾಳೆ ತೆಗೆದುಕೊಂಡು ಹೋಗಿ. ತಿದ್ದಿದ ಪ್ರತಿ ಬೇಡ, ಅವನು ಬರೆದದ್ದು ಬರೆದ ಹಾಗೇ ಇರಲಿ, ಮೇಲೆ ತಾರೀಖು ಮಾತ್ರ ಹಾಕಿ.