ಹಾರುವುದಕ್ಕೆ ಮೊದಲು ನೆಲದ ಮೇಲಿನ ಪಾಠ

ಪ್ರಶ್ನೆ: ನಮ್ಮ ಮನೆಯಲ್ಲಿ ಐದು ತಿಂಗಳ ಪೊಮೆರೇನಿಯನ್ ಹೆಣ್ಣುಮರಿಯಿದೆ. ತುಂಬ ಚೂಟಿ. ದಿನವಿಡೀ ಸೋಫಾ ಹತ್ತಿ ಇಳಿಯುತ್ತಿರುತ್ತದೆ. ನಾಯಿಗಳು ಕೋಲು, ಕಂಬ, ಸುರಂಗ, ಸೇತುವೆ, ಅಲುಗಾಡುವ ಹಲಗೆಯಂಥ ತಡೆಗಳನ್ನು ದಾಟುತ್ತ ಓಡುವ ಅಜಿಲಿಟಿ ಸ್ಪರ್ಧೆಯ ವಿಡಿಯೊಗಳನ್ನು ನೋಡಿದ ಮೇಲೆ ನನ್ನ ಮಗ ಎರಡು ಕುರ್ಚಿಗಳ ನಡುವೆ ಕೋಲು ಕಟ್ಟಿ, ಅದರ ಮೇಲಿಂದ ಮರಿಯನ್ನು ಹಾರಿಸತೊಡಗಿದ್ದಾನೆ. ಮರಿ ಖುಷಿಯಿಂದಲೇ ಹಾರುತ್ತದೆ. ಈ ವಯಸ್ಸಿನಲ್ಲಿ ಅಭ್ಯಾಸ ಶುರು ಮಾಡಬಹುದೇ? ಸಲಕರಣೆಗಳಿಲ್ಲದೆ ಮನೆಯಲ್ಲಿ ಏನೇನು ಕಲಿಸಬಹುದು?

ಉತ್ತರ: ಅಭ್ಯಾಸವನ್ನು ಇಂದೇ ಆರಂಭಿಸಿ, ಆ ಕೋಲನ್ನೂ ಇಂದೇ ಬಿಚ್ಚಿಡಿ. ಮರಿ ಖುಷಿಯಿಂದ ಹಾರುತ್ತದೆ ಎಂದಮಾತ್ರಕ್ಕೆ ಅದರ ಮೂಳೆಗಳು ಹಾರಾಟಕ್ಕೆ ಸಿದ್ಧವಾಗಿವೆ ಎಂದರ್ಥವಲ್ಲ. ಬೆಳೆಯುವ ಮರಿಯ ಕಾಲಿನ ಉದ್ದ ಮೂಳೆಗಳ ತುದಿಗಳಲ್ಲಿ ಮೃದ್ವಸ್ಥಿಯ ತೆಳುವಾದ ಪದರವಿರುತ್ತದೆ, ಮೂಳೆ ಉದ್ದವಾಗುವುದು ಅಲ್ಲಿಂದಲೇ. ಬೆಳವಣಿಗೆ ಮುಗಿದಾಗ ಆ ಪದರ ಗಟ್ಟಿ ಮೂಳೆಯಾಗಿ ಕೂಡಿಕೊಳ್ಳುತ್ತದೆ. ಅಲ್ಲಿಯವರೆಗೆ ಅದು ಕಾಲಿನ ಬಲಹೀನ ಜಾಗ, ಅಲ್ಲಿ ಪೆಟ್ಟಾದರೆ ಕಾಲು ಸೊಟ್ಟಗೆ ಬೆಳೆಯಬಹುದು ಅಥವಾ ಗಿಡ್ಡವಾಗಿ ಉಳಿಯಬಹುದು. ಚಿಕ್ಕ ತಳಿಗಳಲ್ಲಿ ಈ ಕೂಡಿಕೆ ಸಾಮಾನ್ಯವಾಗಿ 8ರಿಂದ 12 ತಿಂಗಳ ಹೊತ್ತಿಗೆ ಮುಗಿಯುತ್ತದೆ. ಎಳೆಯ ವಯಸ್ಸಿನಲ್ಲೇ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದ್ದರೆ ಇನ್ನೂ ಸ್ವಲ್ಪ ತಡವಾಗುತ್ತದೆ. ನಿಮ್ಮ ಮರಿಗೆ ಒಂದು ವರ್ಷ ತುಂಬಿದ ಮೇಲೆ ಪಶುವೈದ್ಯರಿಗೆ ತೋರಿಸಿ, ಅವರು ಒಪ್ಪಿದ ನಂತರವೇ ಕೋಲನ್ನು ನೆಲದಿಂದ ಮೇಲಕ್ಕೆತ್ತಿ.

ಸೋಫಾದ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಚಿಕ್ಕ ನಾಯಿಯನ್ನು ಸಾಕಿದವರು ಹೆಚ್ಚಾಗಿ ಮರೆಯುವುದು ಇದನ್ನೇ. ಪೊಮೆರೇನಿಯನ್ ಭುಜದ ಬಳಿ ಸುಮಾರು 20 ಸೆಂಟಿಮೀಟರ್ ಎತ್ತರ ಇರುತ್ತದೆ. ಸೋಫಾದ ಆಸನ 40 ಸೆಂಟಿಮೀಟರಿಗೆ ಕಡಿಮೆಯಿರುವುದು ಅಪರೂಪ. ಅಂದರೆ ನಿಮ್ಮ ಮರಿ ಪ್ರತಿ ಸಲವೂ ತನ್ನ ಎತ್ತರದ ಎರಡರಷ್ಟು ಮೇಲಿಂದ ಗಟ್ಟಿ ನೆಲಕ್ಕೆ ಧುಮುಕುತ್ತಿದೆ, ಇಳಿಯುವಾಗಿನ ಭಾರವೆಲ್ಲ ಮೊದಲು ಆ ಕಡ್ಡಿಯಂಥ ಮುಂಗಾಲುಗಳ ಮೇಲೆಯೇ ಬೀಳುತ್ತದೆ. ಸೋಫಾದ ಪಕ್ಕದಲ್ಲಿ ಅಗಲವಾದ ಮೆಟ್ಟಿಲನ್ನೋ ಇಳಿಜಾರು ಹಲಗೆಯನ್ನೋ ಇಟ್ಟು, ಅದರ ಮೇಲೆಯೇ ಹತ್ತಿ ಇಳಿಯುವುದನ್ನು ರೂಢಿಸಿ. ಮರಿ ಓಡಾಡುವ ಕಡೆ ನೆಲ ನುಣುಪಾಗಿದ್ದರೆ ಜಾರದ ರಬ್ಬರ್ ಚಾಪೆ ಹಾಸಿ. ಉಗುರುಗಳನ್ನು ಕತ್ತರಿಸುತ್ತಿರಿ, ಪಾದದ ಮೆತ್ತೆಗಳ ನಡುವೆ ಕೂದಲು ಬೆಳೆದು ಹೊರಚಾಚಿದ್ದರೆ ಅದನ್ನೂ ಹುಷಾರಾಗಿ ಕತ್ತರಿಸಿ. ಇಲ್ಲವಾದರೆ ಮರಿ ತಿರುವಿನಲ್ಲಿ ಜಾರುತ್ತದೆ, ಒಮ್ಮೆ ಜಾರಿ ಬಿದ್ದ ಮರಿ ಆಮೇಲೆ ಅದೇ ಜಾಗದಲ್ಲಿ ಓಡಲು ಹಿಂಜರಿಯುತ್ತದೆ.

ಇನ್ನು ಕಲಿಸುವ ವಿಷಯ. ಅಜಿಲಿಟಿ ಎಂದರೆ ಹಾರುವುದು ಎಂಬ ಭಾವನೆ ವಿಡಿಯೊ ನೋಡಿದವರಲ್ಲಿ ಮೂಡುವುದು ಸಹಜ. ಈ ಆಟ 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ಶ್ವಾನಪ್ರದರ್ಶನದಲ್ಲಿ, ಕುದುರೆಗಳ ಜಿಗಿತದ ಸ್ಪರ್ಧೆಯ ಮಾದರಿಯಲ್ಲಿ, ಪ್ರೇಕ್ಷಕರ ರಂಜನೆಗೆಂದು ಮೊದಲು ನಡೆಯಿತು. ಆದರೆ ಕುದುರೆಯ ಮೇಲೆ ಸವಾರನಿರುತ್ತಾನೆ, ಕೈಯಲ್ಲಿ ಲಗಾಮಿರುತ್ತದೆ. ಅಜಿಲಿಟಿ ಸ್ಪರ್ಧೆಯಲ್ಲಿ ನಾಯಿಯನ್ನು ಮುಟ್ಟುವಂತಿಲ್ಲ, ಕೈಯಲ್ಲಿ ತಿನಿಸಾಗಲಿ ಆಟಿಕೆಯಾಗಲಿ ಇರುವಂತಿಲ್ಲ. ನಿಮ್ಮ ದನಿ, ಕೈ, ಭುಜ ತಿರುಗಿದ ದಿಕ್ಕು, ಓಡುವ ವೇಗ ಇಷ್ಟನ್ನೇ ನೋಡಿಕೊಂಡು ನಾಯಿ ಇಡೀ ಅಂಕಣವನ್ನು ಮುಗಿಸಬೇಕು. ಹಾಗಾಗಿ ಬುನಾದಿಯ ಪಾಠ ಎರಡೇ: ಮರಿ ನಿಮ್ಮ ಮೈಯ ಭಾಷೆಯನ್ನು ಓದಲು ಕಲಿಯಬೇಕು, ಜೊತೆಗೆ ತನ್ನ ಮೈ ಎಲ್ಲಿಂದ ಎಲ್ಲಿಯವರೆಗೆ ಇದೆ ಎಂಬುದನ್ನು ಅರಿಯಬೇಕು. ಎರಡಕ್ಕೂ ಮನೆಯ ಹಜಾರ ಸಾಕು.

ಮೊದಲು ಅಂಗೈಗೆ ಮೂಗು ತಾಗಿಸುವುದನ್ನು ಕಲಿಸಿ. ಮರಿಯ ಮೂಗಿನ ಮಟ್ಟಕ್ಕೆ, ಒಂದು ಗೇಣು ದೂರದಲ್ಲಿ, ತೆರೆದ ಅಂಗೈಯನ್ನು ಹಿಡಿಯಿರಿ. ಅದು ಮೂಸಿ ನೋಡಲು ಬಂದು ಮೂಗು ತಾಗಿಸಿದ ಕ್ಷಣವೇ "ಭೇಷ್" ಎಂದು ಹೇಳಿ, ಇನ್ನೊಂದು ಕೈಯಿಂದ ತಿನಿಸು ಕೊಡಿ. ಕೆಲವು ದಿನಗಳಲ್ಲಿ ಅಂಗೈ ಕಂಡರೆ ಸಾಕು, ಮರಿ ಕೋಣೆಯ ಆ ಕಡೆಯಿಂದ ಓಡಿಬರುತ್ತದೆ. ಈ ಪಾಠವನ್ನು ನಿಂತು ಬಗ್ಗಿ ಮಾಡಬೇಡಿ. ನೆಲದ ಮೇಲೆ ಕುಳಿತು ಮಾಡಿ. ಎಷ್ಟೇ ಮಮತೆಯಿಂದ ಬಗ್ಗಿದರೂ ಅಂಗೈಯಗಲದ ಮರಿಗೆ ಅದು ತಲೆಯ ಮೇಲೆ ಕವಿಯುವ ದೊಡ್ಡ ನೆರಳು. ಅನೇಕ ಚಿಕ್ಕ ನಾಯಿಗಳು ಕರೆದಾಗ ಹತ್ತಿರ ಬಂದು ಎರಡು ಹೆಜ್ಜೆ ದೂರದಲ್ಲೇ ನಿಂತುಬಿಡುವುದು ಹಟದಿಂದಲ್ಲ, ಆ ನೆರಳಿನ ಅಂಜಿಕೆಯಿಂದ.

ಅಂಗೈಯ ಪಾಠ ಬಂದ ಮೇಲೆ ಮರಿಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಇಟ್ಟುಕೊಂಡು ನಡೆಯಿರಿ, ನಂತರ ಮೆಲ್ಲಗೆ ಓಡಿ. ಕುರ್ಚಿಗಳನ್ನು ಇದಕ್ಕೆ ಬಳಸಿಕೊಳ್ಳಬಹುದು: ಒಂದು ಕುರ್ಚಿಯ ಸುತ್ತ ಮರಿ ಸುತ್ತು ಹಾಕಿ ನಿಮ್ಮ ಬಳಿ ಮರಳುವಂತೆ ಕಲಿಸಿದರೆ, ಮುಂದೆ ತಡೆಗಂಬಗಳ ನಡುವೆ ತಿರುಗುವುದು ಅದಕ್ಕೆ ಹೊಸದೆನಿಸುವುದಿಲ್ಲ. ಎರಡೂ ಪಕ್ಕಗಳಲ್ಲಿ ಸಮನಾಗಿ ಅಭ್ಯಾಸ ಮಾಡಿಸುವುದನ್ನು ಮರೆಯಬೇಡಿ. ಒಂದೇ ಪಕ್ಕಕ್ಕೆ ಒಗ್ಗಿಹೋದ ನಾಯಿಯನ್ನು ವರ್ಷವಾದ ಮೇಲೆ ತಿದ್ದುವುದು ಕಷ್ಟ.

ಇನ್ನೊಂದು ಪಾಠ ಹಿಂಗಾಲುಗಳದು. ನಾಯಿಗೆ ತನ್ನ ಮುಂಗಾಲುಗಳ ಅರಿವು ಇರುವಷ್ಟು ಹಿಂಗಾಲುಗಳ ಅರಿವು ಇರುವುದಿಲ್ಲ, ಮುಂಗಾಲು ಹೋದಲ್ಲಿಗೆ ಅವು ಹಿಂಬಾಲಿಸುತ್ತವೆ ಅಷ್ಟೆ. ನನ್ನ ಆರು ತಿಂಗಳ ಟೆರಿಯರ್ ಮರಿಗೆ ಮೊದಲ ದಿನ ನಾಲ್ಕು ಪೊರಕೆ ಕೋಲುಗಳನ್ನು ಸಾಲಾಗಿ ನೆಲದ ಮೇಲಿಟ್ಟಿದ್ದೆ. ಮುಂಗಾಲುಗಳನ್ನು ಅಚ್ಚುಕಟ್ಟಾಗಿ ಎತ್ತಿ ದಾಟಿಸಿದ ಮರಿಯ ಹಿಂಗಾಲು ಎರಡನೆಯ ಕೋಲಿಗೆ ತಗುಲಿತು, ಕೋಲು ಉರುಳಿತು. ಮರಿ ಗಕ್ಕನೆ ನಿಂತು, ಹಿಂತಿರುಗಿ, ಅದನ್ನು ಉರುಳಿಸಿದವರು ಯಾರೆಂದು ಹುಡುಕುವಂತೆ ದಿಟ್ಟಿಸಿತು. ನಾಲ್ಕನೆಯ ದಿನ ಅದೇ ಕೋಲಿನ ಬಳಿ ಅದರ ಹಿಂಗಾಲು ಅರೆಕ್ಷಣ ಗಾಳಿಯಲ್ಲಿ ತಡೆದು, ಜಾಗ ನೋಡಿಕೊಂಡು ಆಚೆಗೆ ಇಳಿಯಿತು. ಆ ಅರೆಕ್ಷಣದ ತಡೆಯೇ ನಾವು ಬಯಸುವ ಕಲಿಕೆ. ಕೋಲುಗಳ ನಡುವಣ ಅಂತರ ಮರಿ ನಡೆಯುವಾಗಿನ ಒಂದು ಹೆಜ್ಜೆಯಷ್ಟಿರಲಿ, ಅದು ಓಡದೆ ನಿಧಾನವಾಗಿ ನಡೆದು ದಾಟಲಿ, ಮುಖ ಮೇಲೆತ್ತದಂತೆ ತಿನಿಸನ್ನು ಆಚೆ ಬದಿಯ ನೆಲದ ಮೇಲೆ ಇಡಿ.

ಉಳಿದವು ಸುಲಭ. ಎರಡೂ ಕಡೆ ತೆರೆದ ಚಿಕ್ಕ ರಟ್ಟಿನ ಪೆಟ್ಟಿಗೆ ಸುರಂಗವಾಗುತ್ತದೆ. ಸುಮಾರು 30 ಸೆಂಟಿಮೀಟರ್ ಅಗಲದ ಹಲಗೆಯನ್ನು ನೆಲಕ್ಕೆ ಅಂಟಿದಂತೆ ಇಟ್ಟರೆ ಸ್ಪರ್ಧೆಯ ಸೇತುವೆಯಷ್ಟೇ ಅಗಲದ ದಾರಿಯಾಗುತ್ತದೆ. ಊಟದ ತಟ್ಟೆ ಇಡುವ ಮುನ್ನ ಮರಿಯನ್ನು ಕೂರಿಸಿ, "ಹೋಗು" ಎಂದ ಮೇಲೆ ಮಾತ್ರ ಏಳಲು ಬಿಟ್ಟರೆ, ಓಟದ ಆರಂಭದ ಗೆರೆಯಲ್ಲಿ ಕಾದು ಕೂರುವ ಪಾಠವೂ ಆದಂತೆ. ಯಾವ ಪಾಠವೂ ಒಂದು ಸಲಕ್ಕೆ ಎರಡು ಮೂರು ನಿಮಿಷ ಮೀರುವುದು ಬೇಡ, ದಿನಕ್ಕೆ ಎರಡು ಮೂರು ಸಲ ಸಾಕು. ಮರಿಗೆ ಇನ್ನೂ ಬೇಕೆನಿಸುತ್ತಿರುವಾಗಲೇ ನಿಲ್ಲಿಸಿ. ಹಗ್ಗ ಜಗ್ಗುವ ಆಟವೂ ಒಳ್ಳೆಯದೇ. ಆದರೆ ನಾಲ್ಕರಿಂದ ಆರು ತಿಂಗಳವರೆಗೆ ಹಾಲುಹಲ್ಲು ಉದುರಿ ಹೊಸ ಹಲ್ಲು ಬರುವುದರಿಂದ ಈಗ ಬಟ್ಟೆಯ ಮೆತ್ತನೆಯ ಆಟಿಕೆಯನ್ನು, ನೆಲಮಟ್ಟದಲ್ಲಿ, ಹಗುರವಾಗಿ ಎಳೆಯಿರಿ. ಅಂತರರಾಷ್ಟ್ರೀಯ ಶ್ವಾನ ಒಕ್ಕೂಟವಾದ ಎಫ್‌ಸಿಐ ನಿಯಮದಂತೆ 18 ತಿಂಗಳು ತುಂಬದ ನಾಯಿ ಅಜಿಲಿಟಿ ಸ್ಪರ್ಧೆಗೆ ಇಳಿಯುವಂತೆಯೇ ಇಲ್ಲ. ನಿಮ್ಮ ಮಗನಿಗೆ ಇದನ್ನು ತಿಳಿಸಿ, ಕೋಲುಗಳನ್ನು ನೆಲದ ಮೇಲೆ ಜೋಡಿಸುವ ಕೆಲಸವನ್ನು ಅವನಿಗೇ ವಹಿಸಿ. ಅವನ ಉತ್ಸಾಹ ಮರಿಗೆ ಖಂಡಿತ ಬೇಕು.

ಪ್ರಶ್ನೆ: ನನ್ನ ಒಂಬತ್ತು ತಿಂಗಳ ಶಿಟ್ಜು ನೆಲದ ಮೇಲಿನ ಹಲಗೆಯಲ್ಲಿ ಧೈರ್ಯವಾಗಿ ನಡೆಯುತ್ತದೆ. ಹಲಗೆಯ ಕೆಳಗೆ ಏನಾದರೂ ಇಟ್ಟು ಅದು ಸ್ವಲ್ಪ ಅಲುಗಾಡಿದರೆ ಮಾತ್ರ ಓಡಿಹೋಗುತ್ತದೆ. ಎತ್ತಿಕೊಂಡು ಬಂದು ಹಲಗೆಯ ಮೇಲೆ ನಿಲ್ಲಿಸಿದರೆ ನಡುಗುತ್ತದೆ. ಏನು ಮಾಡಲಿ?

ಉತ್ತರ: ಎತ್ತಿ ನಿಲ್ಲಿಸುವುದನ್ನು ದಯವಿಟ್ಟು ಬಿಟ್ಟುಬಿಡಿ. ಚಿಕ್ಕ ನಾಯಿಯನ್ನು ಎತ್ತುವುದು ನಮಗೆ ಸುಲಭವಾದ್ದರಿಂದ ಅದಕ್ಕೆ ಬೇಡವೆನ್ನುವ ಅವಕಾಶವನ್ನೇ ನಾವು ಕೊಡುವುದಿಲ್ಲ. ದೊಡ್ಡ ನಾಯಿಯಾಗಿದ್ದರೆ ಅದು ಬರುವವರೆಗೆ ಕಾಯುತ್ತಿದ್ದೆವು. ಇಲ್ಲಿಯೂ ಕಾಯಿರಿ. ಅಂಜಿಕೆ ಎರಡು ಕಾರಣಗಳಿಂದ ಬರುತ್ತದೆ, ಒಂದು ಕಾಲಡಿಯ ಚಲನೆ, ಇನ್ನೊಂದು ಹಲಗೆ ನೆಲಕ್ಕೆ ಬಡಿಯುವ ಸದ್ದು. ಎರಡನ್ನೂ ಬೇರೆಬೇರೆಯಾಗಿ ಕಲಿಸಬೇಕು. ಚಲನೆಗೆ ಹಲಗೆಯನ್ನೇ ಬಿಟ್ಟು ದಪ್ಪನೆಯ ದಿಂಬಿನಿಂದ ಆರಂಭಿಸಿ. ಅದು ಕಾಲಡಿಯಲ್ಲಿ ಕುಸಿಯುತ್ತದೆ, ಸದ್ದು ಮಾಡುವುದಿಲ್ಲ. ದಿಂಬಿನ ಕಡೆ ನೋಡಿದರೆ ತಿನಿಸು, ಒಂದು ಪಾದ ಇಟ್ಟರೆ ತಿನಿಸು, ನಾಲ್ಕೂ ಪಾದ ಇಟ್ಟರೆ ಎರಡು ತಿನಿಸು, ಇಳಿದುಹೋದರೆ ಹೋಗಲಿ. ಸದ್ದಿಗೆ, ಮಡಚಿದ ದಪ್ಪ ಟವೆಲಿನ ಮೇಲೆ ಹಲಗೆಯ ಒಂದು ತುದಿಯನ್ನು ನೀವೇ ಬೆರಳಗಲ ಎತ್ತಿ ಬಿಡಿ, ನಾಯಿ ದೂರದಲ್ಲಿ ತಿನ್ನುತ್ತಿರಲಿ. ಅದು ಕಿವಿ ನಿಮಿರಿಸಿ ಮತ್ತೆ ತಿನ್ನಲು ತೊಡಗಿದರೆ ಆ ದೂರ ಸರಿಯಾಗಿದೆ ಎಂದರ್ಥ. ಟವೆಲಿನ ಮಡಿಕೆಗಳನ್ನು ದಿನಗಳು ಕಳೆದಂತೆ ಒಂದೊಂದಾಗಿ ಕಡಿಮೆ ಮಾಡಿ. ತಾನೇ ಪಾದದಿಂದ ಹಲಗೆಯನ್ನು ತಟ್ಟಿ ಸದ್ದು ಮಾಡಿದರೆ ತಿನಿಸು ಸಿಗುತ್ತದೆ ಎಂಬುದು ಅದಕ್ಕೆ ಹೊಳೆದ ದಿನ ನಿಮ್ಮ ಕೆಲಸ ಮುಕ್ಕಾಲು ಮುಗಿದಿರುತ್ತದೆ. ನಾಯಿ ನಾಲಗೆಯಿಂದ ಮೂಗು ನೆಕ್ಕಿಕೊಳ್ಳುವುದು, ಆಕಳಿಸುವುದು, ಮುಖ ತಿರುಗಿಸುವುದು ಕಂಡರೆ ಅದು ಆಯಾಸವಲ್ಲದೆ ಕಳವಳವೂ ಆಗಿರಬಹುದು, ಒಂದು ಹಂತ ಹಿಂದಕ್ಕೆ ಹೋಗಿ.

ಪ್ರಶ್ನೆ: ತರಬೇತಿಯ ತಿನಿಸು ಹೆಚ್ಚಾಗಿ ನಮ್ಮ ಚಿವಾವಾ ಊಟವನ್ನೇ ಬಿಡುತ್ತಿದೆ. ತಿನಿಸಿಲ್ಲದೆ ಕಲಿಸಬಹುದೇ?

ಉತ್ತರ: ತಿನಿಸು ಇರಲಿ, ಗಾತ್ರ ಇಳಿಯಲಿ. ಬಟಾಣಿ ಕಾಳಿನ ಅರ್ಧದಷ್ಟು ಚೂರು ಸಾಕು. ದಿನದ ಒಟ್ಟು ಆಹಾರದ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ತಿನಿಸಿನಿಂದ ಬರಬಾರದು. ಅದಕ್ಕಿಂತ ಹೆಚ್ಚು ಬೇಕಾದರೆ ಅದರ ಊಟದ ಪಾಲಿನಿಂದಲೇ ಕಾಳುಗಳನ್ನು ತೆಗೆದಿಟ್ಟು ಬಳಸಿ. ಹಸಿವು ಹೆಚ್ಚಿದ್ದರೆ ಚೆನ್ನಾಗಿ ಕಲಿಯುತ್ತದೆಂದು ಪುಟ್ಟ ಮರಿಗಳನ್ನು ಉಪವಾಸ ಕೆಡವಲೇಬೇಡಿ. ಇಷ್ಟು ಚಿಕ್ಕ ತಳಿಯ ಮರಿಗಳಲ್ಲಿ ಕೆಲವೇ ಗಂಟೆ ಹೊಟ್ಟೆ ಖಾಲಿಯಿದ್ದರೂ ರಕ್ತದಲ್ಲಿ ಸಕ್ಕರೆಯ ಅಂಶ ಅಪಾಯದ ಮಟ್ಟಕ್ಕೆ ಇಳಿಯಬಹುದು.

ಪ್ರಶ್ನೆ: ಓಡುವಾಗ ನಮ್ಮ ಟಾಯ್ ಪೂಡಲ್ ಒಮ್ಮೊಮ್ಮೆ ಒಂದು ಹಿಂಗಾಲನ್ನು ಎತ್ತಿಕೊಂಡು ಮೂರು ನಾಲ್ಕು ಹೆಜ್ಜೆ ಕುಂಟುತ್ತದೆ, ಮತ್ತೆ ತಾನಾಗಿಯೇ ಸರಿಹೋಗುತ್ತದೆ. ನೋವಿನ ಸದ್ದಿಲ್ಲ. ಅಭ್ಯಾಸ ಮುಂದುವರಿಸಬಹುದೇ?

ಉತ್ತರ: ಮುಂದುವರಿಸಬೇಡಿ. ನೀವು ಬಣ್ಣಿಸಿದ ನಡಿಗೆ, ಮಂಡಿಚಿಪ್ಪು ತನ್ನ ತೋಡಿನಿಂದ ಪಕ್ಕಕ್ಕೆ ಜಾರಿ ಮತ್ತೆ ಒಳಸೇರುವ ತೊಂದರೆಯಲ್ಲಿ ಕಾಣುವಂಥದ್ದು; ಪೂಡಲ್, ಪೊಮೆರೇನಿಯನ್, ಯಾರ್ಕ್‌ಷೈರ್ ಟೆರಿಯರ್, ಚಿವಾವಾ ಮುಂತಾದ ಪುಟ್ಟ ತಳಿಗಳಲ್ಲಿ ಇದು ಸಾಮಾನ್ಯ. ಪಶುವೈದ್ಯರು ಮಂಡಿಯನ್ನು ಕೈಯಿಂದ ಪರೀಕ್ಷಿಸಿ ಅದರ ತೀವ್ರತೆಯನ್ನು ಒಂದರಿಂದ ನಾಲ್ಕರವರೆಗೆ ಅಳೆಯುತ್ತಾರೆ, ಅದರ ಮೇಲೆ ಚಿಕಿತ್ಸೆ ನಿರ್ಧಾರವಾಗುತ್ತದೆ. ನಾಯಿಗೆ ಇನ್ನೂ ಒಂದು ವರ್ಷ ತುಂಬಿಲ್ಲವಾದರೆ, ತೊಡೆಮೂಳೆಯ ತಲೆಗೆ ರಕ್ತ ಸಾಲದೆ ಅದು ಸವೆಯುವ ಇನ್ನೊಂದು ಕಾಯಿಲೆಯೂ ಇರಬಹುದಾದ್ದರಿಂದ ಸೊಂಟದ ಎಕ್ಸ್‌ರೇ ತೆಗೆಸುವ ಬಗ್ಗೆಯೂ ವಿಚಾರಿಸಿ. ವೈದ್ಯರ ಬಳಿಗೆ ಹೋಗುವ ಮುನ್ನ ಫೋನಿನಲ್ಲಿ ಎರಡು ವಿಡಿಯೊ ತೆಗೆದುಕೊಳ್ಳಿ, ಒಂದು ಪಕ್ಕದಿಂದ, ಒಂದು ಹಿಂದಿನಿಂದ. ಪರೀಕ್ಷೆಯ ಮೇಜಿನ ಮೇಲೆ ಇಂಥ ನಾಯಿಗಳು ಹೆಚ್ಚಾಗಿ ಕುಂಟುವುದಿಲ್ಲ. ಅಲ್ಲಿಯವರೆಗೆ ಅಂಗೈಗೆ ಮೂಗು ತಾಗಿಸುವ ಪಾಠ ಮತ್ತು ಕುಳಿತು ಕಾಯುವ ಪಾಠ ಇವೆರಡನ್ನು ಮಾತ್ರ, ಜಾರದ ಚಾಪೆಯ ಮೇಲೆ ಮಾಡಿಸಿ.